ಪಾಸಿಟಿವ್ ರೈಡರ್

ನಂದಗುಡಿ ಕಬಡ್ಡಿ ಫೈನಲ್ ದಿನ ಬೆಳಿಗ್ಗೆ ನಂಗೆ ಕೊರೊನಾ ಪಾಸಿಟಿವ್ ಬಂತು. ಎರಡೂ ಡೋಸ್ ಹಾಕಿಸ್ಕೊಂಡಿದ್ದೆ, ಆದ್ರೂ ಬಂತು. ಆಡಲ್ಲ ಅಂದೆ. ಕೋಚ್ ಕಾಂತರಾಜಣ್ಣ ದೂರದಿಂದ್ಲೇ ನಕ್ಕ.

"ಲೇ ಮುನಿಕೃಷ್ಣ, ಲಸಿಕೆ ಆಗೈತೆ, ನೀನೇನು ಸಾಯಲ್ಲ. ಸುಮ್ನೆ ಆಡು."

ಸೀಟಿ ಊದೋ ಮುಂಚೆ ನನ್ನ ವಿಷಯಾನ ಎದುರು ಟೀಮಿನ ಕಿವಿಗೆ ಹಾಕಿದ್ದೂ ಅವನೇ. ಆಮೇಲೆ ಕೇಳ್ಬೇಕಾ? ನಾನು ಗೆರೆ ದಾಟಿದ್ರೆ ಸಾಕು, ಏಳು ಜನಾನೂ ಮೂಲೆಗೆ ಓಡೋರು. ನನ್ನ ಕಾಲು ಹಿಡಿಯೋ ಗಂಡಸೇ ಇರ್ಲಿಲ್ಲ. ಎದೆ ಉರೀತಿದ್ರೂ ಅಟ್ಟಾಡಿಸಿ ಮುಟ್ಟಿ ಔಟ್ ಮಾಡ್ದೆ. ಕಪ್ ಗೆದ್ವಿ.

ಗೆದ್ದಾಗೆಲ್ಲ ರೈಡರ್‌ನ ಹೆಗಲ ಮೇಲೆ ಹೊತ್ಕೊಂಡು ಕುಣಿಯೋದು ನಮ್ಮ ಹುಡುಗರ ರೂಢಿ. ಅವತ್ತು ಆ ಹೆಗಲು ಕಾಂತರಾಜಣ್ಣಂಗೆ ಸಿಕ್ತು. ಕುಣಿದಾದ್ಮೇಲೆ ನಾನು ಟೆಂಪೋ ಹತ್ತೋಕೆ ಹೋದ್ರೆ, ಅವನೇ ಬಾಗಿಲಿಗೆ ಅಡ್ಡ ನಿಂತ.

"ಅಲ್ಲೇ ನಿಲ್ಲೋ! ನಮ್ಮನೇಲಿ ವಯಸ್ಸಾದ ಅಮ್ಮ ಅವ್ಳೆ. ನಡ್ಕೊಂಡ್ ಬಾ."

ಎದುರು ಟೀಮಿನೋರಿಗೆ ಅಮ್ಮಂದಿರು ಇರ್ಲಿಲ್ವಾ?

ಮಾಸ್ಕ್ ಕಿತ್ತೆಸೆದು, "ಕಬಡ್ಡಿ, ಕಬಡ್ಡಿ" ಅಂತ ಓಡಿಹೋಗಿ ಅವನನ್ನ ಗಟ್ಟಿಯಾಗಿ ತಬ್ಕೊಂಡೆ. ಮುಖದ ಮೇಲೇ ಕೆಮ್ಮಿದೆ.

"ಅಣ್ಣಾ, ಲಸಿಕೆ ಆಗೈತೆ, ನೀನೇನು ಸಾಯಲ್ಲ. ಅಮ್ಮಂಗೆ ಹಾಕ್ಸಿದ್ದೀಯಾ?"