ಗುರ್ ಅನ್ನದ ದೊರೆ

ದರ್ಜಿ ಮಾಸ್ತರರಿಗೆ ತಲೆಬುಡ ಅರ್ಥವಾಗಲಿಲ್ಲ. ಅವರ ಸಾಕುನಾಯಿ ದೊರೆ ಮನೆ ಮುಂದಿನ ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಪಕ್ಕ ತೆಪ್ಪಗೆ ಮಲಗಿತ್ತು. ಕೈಜಾರಿ ಉರುಳಿದ ಗುಂಡಿಯನ್ನು ಎತ್ತಿಕೊಳ್ಳಲು ಅವರ ಹೆಂಡತಿ ಅದರ ತಲೆಯ ಹತ್ತಿರ ಬಗ್ಗಿದರು, ಅಷ್ಟೇ. ದೊರೆ ಅವರ ಕೈಗೆ ಬಾಯಿ ಹಾಕಿಬಿಟ್ಟಿತು.

“ಅವನು ಕಚ್ಚಲ್ಲ ಕಣೇ. ನಿನ್ನ ಕೈಯೇ ಹಲ್ಲಿಗೆ ತಾಗಿರ್ಬೇಕು,” ಎಂದರು ಮಾಸ್ತರರು. ಅಳತೆ ತಪ್ಪಿದ ಅಂಗಿ ವಾಪಸು ತಂದವರಿಗೂ “ನೀವೇ ದಪ್ಪ ಆಗಿದ್ದೀರಿ” ಎಂದು ಹೇಳಿ ಕಳಿಸುವ ಭೂಪ ಅವರು.

“ಹೌದು ರೀ, ನನ್ನ ಕೈಯೇ ಹೋಗಿ ಅವನ ಬಾಯೊಳಗೆ ಕೂತ್ಕೊಳ್ತು!” ನೋವಿಗೆ ಆಕೆಯ ಕಣ್ಣಲ್ಲಿ ನೀರು ಬಂದಿತ್ತು. “ಭಾನುವಾರ ಮಗಳು ಬರ್ತಾಳೆ. ಮಗು ಈಗ ಅಂಬೆಗಾಲಿಡ್ತಾ ಇದೆ. ನನ್ನ ಕೈ ಇದ್ದ ಜಾಗದಲ್ಲಿ ಅದರ ಮುಖ ಇದ್ದಿದ್ರೆ? ನಾಯಿ ಬೇಕೋ ಮೊಮ್ಮಗಳು ಬೇಕೋ, ನೀವೇ ಹೇಳಿ.”

ಮಾಸ್ತರರು ಮೇಜಿನ ಮೇಲಿದ್ದ ತುಂಡು ಬಟ್ಟೆ ತೆಗೆದು ಗಾಯಕ್ಕೆ ಸುತ್ತಲು ಹೊರಟರು. ಅಷ್ಟರಲ್ಲಿ ಪಶು ಆಸ್ಪತ್ರೆಯ ಡಾಕ್ಟರಮ್ಮ ಒಳಗೆ ಬಂದರು. ಜೇಬು ಹರಿದ ತಮ್ಮ ಬಿಳಿ ಕೋಟನ್ನು ಹೊಲಿಯಲು ಕೊಟ್ಟಿದ್ದರು.

“ಗಾಯಕ್ಕೆ ಬಟ್ಟೆ ಕಟ್ಟಬೇಡಿ ಮಾಸ್ಟ್ರೇ! ಮೊದಲು ನಾಯೀನ ಕಟ್ಟಿಹಾಕಿ. ಅಮ್ಮ, ನೀವು ನಲ್ಲಿ ಹತ್ರ ಬನ್ನಿ.”

ಸೋಪು ಹಚ್ಚಿಸಿ, ಹರಿಯುವ ನೀರಿನ ಕೆಳಗೆ ಕಾಲು ಗಂಟೆ ಕೈ ತೊಳೆಸಿದರು.

“ಸುಣ್ಣ, ಪುಡಿ, ಏನೂ ಮೆತ್ತಬೇಡಿ. ಈಗಲೇ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಇಂಜೆಕ್ಷನ್ ಹಾಕಿಸ್ಕೊಳ್ಳಿ.”

“ಮನೆ ನಾಯಿಗೆ ಎಲ್ಲಿಂದ ಹುಚ್ಚು ಹಿಡಿಯುತ್ತೆ ಡಾಕ್ಟ್ರಮ್ಮ?” ಎಂದರು ಮಾಸ್ತರರು.

“ಇವನಿಗೆ ಲಸಿಕೆ ಹಾಕ್ಸಿದ್ದೀರಾ?”

“ಹೊಸ್ತಿಲು ದಾಟದ ನಾಯಿಗೆ ಲಸಿಕೆ ಯಾಕೆ?”

“ಆ ರೋಗ ಬಾಗಿಲು ತಟ್ಟಿ, ಕೇಳಿ ಬರಲ್ಲ ಮಾಸ್ಟ್ರೇ. ರೋಗ ಶುರುವಾದ ಮೇಲೆ ಉಳಿಸೋ ಔಷಧಿ ಇಲ್ಲ.”

ಮಾಸ್ತರರು ಚಪ್ಪಲಿ ಮೆಟ್ಟಿಕೊಂಡರು. ಅಂಗಡಿ ಬಾಗಿಲು ಎಳೆದು, ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೊದಲ ಇಂಜೆಕ್ಷನ್ ಹಾಕಿಸಿ ಬಂದರು. ದಾರಿಯುದ್ದಕ್ಕೂ ಅವರ ತಲೆಯಲ್ಲಿ ಒಂದೇ ಗೋಜಲು. ಇಷ್ಟು ಸಾಧುವಾದ ನಾಯಿ ಯಾಕೆ ಕಚ್ಚಿತು?

ಸಂಜೆ ಡಾಕ್ಟರಮ್ಮ ನಾಯಿಯ ಮೂತಿಗೆ ಕಟ್ಟುವ ಪಟ್ಟಿ ಹಿಡಿದು ಮತ್ತೆ ಬಂದರು.

“ಕಚ್ಚೋ ಮುಂಚೆ ಗುರ್ ಅಂದಿತ್ತಾ?”

“ಗುರ್ ಅನ್ನೋದಾ? ಆ ಚಾಳಿ ಯಾವಾಗ್ಲೋ ಬಿಡಿಸಿದ್ದೀನಿ!” ಮಾಸ್ತರರು ಬಟ್ಟೆ ಅಳೆಯುವ ಮರದ ಸ್ಕೇಲನ್ನು ಎತ್ತಿ ತೋರಿಸಿದರು. “ಮೊದಲು ಯಾರು ಹತ್ರ ಹೋದ್ರೂ ಗುರ್ ಅನ್ನೋನು. ಅಂದಾಗೆಲ್ಲ ಇದರಲ್ಲಿ ಒಂದು ಬಿಟ್ಟೆ. ಈಗ ಸದ್ದೇ ಇಲ್ಲ. ಆದ್ರೆ ಒಂದು ಮಾತ್ರ ನಂಗೆ ಅರ್ಥ ಆಗ್ತಿಲ್ಲ. ಗುರ್ ಅಂತಿದ್ದಾಗ ಒಬ್ಬರನ್ನೂ ಕಚ್ಚಿದವನಲ್ಲ. ಒಳ್ಳೆಯವನಾದ ಮೇಲೆ ಕಚ್ತಾನಲ್ಲ!”

“ಮಾಸ್ಟ್ರೇ, ಹೊಲೀತಾ ಇರುವಾಗ ಮಿಷನ್ನು ಕಟಕಟ ಅಂದ್ರೆ ಏನ್ಮಾಡ್ತೀರಿ?”

“ನಿಲ್ಲಿಸ್ತೀನಿ. ದಾರ ಎಲ್ಲೋ ಸಿಕ್ಕಿಕೊಂಡಿದೆ ಅಂತ ನೋಡ್ತೀನಿ.”

“ಸ್ಕೇಲ್ ತಗೊಂಡು ನಾಲ್ಕು ಬಾರಿಸಲ್ವಾ?”

“ಬಾರಿಸಿದ್ರೆ ಮಿಷನ್ನು...” ಮಾಸ್ತರರು ಕೈಯಲ್ಲಿದ್ದ ಸ್ಕೇಲನ್ನು ನೋಡಿದರು.

“ಗುರ್ ಅನ್ನೋದೂ ಅಷ್ಟೇ. ‘ಹತ್ರ ಬರಬೇಡಿ, ನಂಗೆ ಆಗ್ತಿಲ್ಲ’ ಅಂತ ಹೇಳೋಕೆ ಅವನಿಗಿದ್ದ ಮಾತು ಅದು. ನೀವು ಮಾತು ಕಿತ್ಕೊಂಡ್ರಿ. ಹೆದರಿಕೆ, ನೋವು ಎಲ್ಲ ಒಳಗೇ ಉಳೀತು. ಇನ್ನು ಹಲ್ಲೊಂದು ಬಿಟ್ರೆ ಅವನ ಹತ್ರ ಬೇರೇನಿದೆ?”

ಮೂತಿಗೆ ಪಟ್ಟಿ ಕಟ್ಟಿ ಡಾಕ್ಟರಮ್ಮ ದೊರೆಯ ಕಿವಿ ಮಡಚಿ ನೋಡಿದರು. ಒಳಗೆಲ್ಲ ಕೆಂಪಗೆ ಊದಿ ಕೀವಾಗಿತ್ತು.

“ತಲೆ ಕೊಡವ್ತಾ ಇರೋದು ನೋಡಿಲ್ವಾ?”

“ನೋಡಿದ್ದೆ. ಗತ್ತು ಅಂದ್ಕೊಂಡಿದ್ದೆ,” ಎಂದರು ಮಾಸ್ತರರು. ಹೊಡೆದ ಏಟುಗಳೆಲ್ಲ ಅವರಿಗೆ ನೆನಪಾದವು. ಆದರೂ ಗೊಂದಲ ತೀರಲಿಲ್ಲ. “ಹಾಗಾದ್ರೆ ಈಗ ಏನ್ಮಾಡ್ಲಿ? ಕೂರಿಸ್ಕೊಂಡು ಗುರ್ ಅನ್ನೋದು ಹೇಳಿಕೊಡ್ಲಾ?”

ಹೆಂಡತಿಗೆ ಕೈನೋವಿನಲ್ಲೂ ನಗು ಬಂತು.

“ಹೊಡೆಯೋದು ಬಿಡಿ, ಸಾಕು. ಕಿವಿ ವಾಸಿ ಮಾಡೋಣ. ಹತ್ತು ದಿನ ಕಟ್ಟಿಹಾಕಿ ಕಣ್ಣಿಟ್ಟಿರಿ. ಊಟ ಬಿಟ್ರೆ, ಜೊಲ್ಲು ಸುರಿಸಿದ್ರೆ ತಕ್ಷಣ ತಿಳಿಸಿ. ಆಮೇಲೆ ಲಸಿಕೆ ಹಾಕ್ತೀನಿ. ತಿನ್ನುವಾಗ, ಮಲಗಿದ್ದಾಗ ಯಾರೂ ಮುಟ್ಟಬೇಡಿ. ಮಗು ಬಂದಾಗ ಇವನು ಬೇರೆ ಕೋಣೆಯಲ್ಲಿರ್ಲಿ, ಬಾಗಿಲು ಹಾಕಿರ್ಲಿ.”

ಭಾನುವಾರ ಮೊಮ್ಮಗಳು ಬಂದಳು. ಮನೆಯಿಡೀ ಅಂಬೆಗಾಲಿಟ್ಟಳು. ಹಿಂದಿನ ಕೋಣೆಯ ಬಾಗಿಲಿಗೆ ಚಿಲಕ ಹಾಕಿ, ಮಾಸ್ತರರು ಅದಕ್ಕೇ ಬೆನ್ನು ಕೊಟ್ಟು ಕೂತಿದ್ದರು. ಹಿಡಿದ ಹಟವನ್ನು ಈ ಬಾರಿ ಒಳ್ಳೆಯದಕ್ಕೆ ಬಳಸಿದರು.

ಹತ್ತು ದಿನ ಕಳೆದವು. ದೊರೆ ಹುಷಾರಾಗೇ ಇತ್ತು. ಕಿವಿ ವಾಸಿಯಾಯಿತು, ಲಸಿಕೆಯೂ ಬಿತ್ತು. ಒಂದು ಮಧ್ಯಾಹ್ನ ಹೆಂಡತಿ ಕಸ ಗುಡಿಸುತ್ತಾ ದೊರೆಯ ತಟ್ಟೆಯ ಹತ್ತಿರಕ್ಕೆ ಹೋದರು. ತಿನ್ನುತ್ತಿದ್ದ ದೊರೆ ತಲೆ ಎತ್ತದೆ ಮೆಲ್ಲಗೆ ಸದ್ದು ಮಾಡಿತು.

ಗುರ್‌ರ್.

ಹಳೇ ಅಭ್ಯಾಸಕ್ಕೆ ಮಾಸ್ತರರ ಕೈ ಸ್ಕೇಲಿನ ಕಡೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

“ಕೇಳಿಸ್ತೇನೇ?”

“ಕೇಳಿಸ್ತು ರೀ.” ಆಕೆ ಪೊರಕೆ ಹಿಡಿದು ಹಿಂದೆ ಸರಿದರು. ದೊರೆ ಸುಮ್ಮನಾಗಿ ತಿನ್ನತೊಡಗಿತು. ಯಾರಿಗೂ ಏನೂ ಆಗಲಿಲ್ಲ.

ಹೆದರಬೇಕೋ ಖುಷಿಪಡಬೇಕೋ ಮಾಸ್ತರರಿಗೆ ತಿಳಿಯಲಿಲ್ಲ. ಕಣ್ಣು ಮಾತ್ರ ಒದ್ದೆಯಾಗಿತ್ತು.

“ಮತ್ತೆ ಮಾತಾಡ್ತಿದ್ದಾನೆ ಕಣೇ,” ಎಂದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ನಾಯಿ ಗುರ್ ಅಂದರೆ ಕೋಲು ಹುಡುಕಬೇಡಿ. ಹಿಂದೆ ಸರಿಯಿರಿ, ಅದಕ್ಕೇನಾಗಿದೆ ಎಂದು ಪಶುವೈದ್ಯರಿಗೆ ತೋರಿಸಿ. ಅದಕ್ಕೆ ವರ್ಷ ವರ್ಷ ಲಸಿಕೆ ಹಾಕಿಸಿ. ಮಗುವನ್ನೂ ನಾಯಿಯನ್ನೂ ಎಂದೂ ದೊಡ್ಡವರಿಲ್ಲದೆ ಒಟ್ಟಿಗೆ ಬಿಡಬೇಡಿ. ಕಚ್ಚಿದರೆ ಮೊದಲು ಸೋಪು ನೀರು, ಆ ಕೂಡಲೇ ಆಸ್ಪತ್ರೆ. ನಮ್ಮ ಮಾಸ್ತರರಂಥವರೇ ತಿದ್ದಿಕೊಂಡರು. ಅವರ ಸ್ಕೇಲು ಈಗ ಬಟ್ಟೆ ಮಾತ್ರ ಅಳೆಯುತ್ತದೆ. ನಿಮ್ಮ ಮನೆಯ ಕೋಲನ್ನೂ ಇವತ್ತೇ ಕೆಳಗಿಡಿ.