ತಿಪ್ಪಿಯ ಕುಣಿ

ಸಿಡಿಲು ಬಡಿದವರನ್ನು ತಿಪ್ಪಿಯೊಳಗೆ ಹೂಳುವುದು ನಮ್ಮ ಊರಾಗ ಹಿಂದಿನಿಂದ ಬಂದದ್ದು. ಕುತ್ತಿಗೆತನಕ ಹೂಳಿ, ಮುಖ ಅಷ್ಟೇ ಹೊರಗಿಟ್ಟು ಕಾಯುತ್ತಾರೆ. ಮೈಯಾಗಿನ ಸಿಡಿಲನ್ನು ಸಗಣಿ ಎಳಕೊಂಡರೆ ಜೀವ ತಿರುಗಿ ಬರುತ್ತದೆ ಅಂತ.

ನನ್ನ ಅಣ್ಣ ಸಾಬಣ್ಣನಿಗೂ ಹಂಗೇ ಮಾಡಿದರು. ನಾನಿನ್ನೂ ಲಂಗ ಉಡುತ್ತಿದ್ದೆ. ಹೂಳುವಾಗ ಅವನ ಮೈ ಬೆಚ್ಚಗಿತ್ತು. ಸುರಪುರದ ದವಾಖಾನೆಗೆ ಒಯ್ಯೋಣ ಅಂತ ನಾನು ಅಳುತ್ತಾ ಬೇಡಿಕೊಂಡೆ. ಹುಡುಗಿ ಮಾತು ಯಾರು ಕೇಳುತ್ತಾರೆ? ಸಂಜೆಗೆ ಹೊರಗೆ ತೆಗೆದಾಗ ಅಣ್ಣ ಕಲ್ಲಿನಂಗೆ ತಣ್ಣಗಾಗಿದ್ದ. ಆ ತಣುಪು ಈಗಲೂ ನನ್ನ ಅಂಗೈಯಾಗ ಅದ.

ಈ ವರ್ಷ ಯುಗಾದಿ ಕಳೆದ ಮೇಲೆ ಅಡ್ಡಮಳೆ ಬಂತು. ನಾನೂ ಸೊಸೆ ಸುಮಲತಾನೂ ಮಗ ಮಲ್ಲುಗೆ ಬುತ್ತಿ ಒಯ್ಯುತ್ತಿದ್ದೆವು. ಅವನು ಕುರಿ ಹೊಡಕೊಂಡು ಊರ ಹತ್ತಿರದ ದಿನ್ನಿಗೆ ಬಂದಿದ್ದ. ಗುಡುಗು ಶುರುವಾದದ್ದೇ ಕುರಿಗಳನ್ನು ಬೇವಿನ ಗಿಡದ ಬುಡಕ್ಕೆ ತಂದು, ತಾನೂ ಕಂಬಳಿ ಹೊತ್ತು ನಿಂತ. ಗಿಡ ಬಿಟ್ಟು ತಗ್ಗಿಗೆ ಬಾ ಅಂತ ಸುಮಲತಾ ದೂರದಿಂದಲೇ ಕೂಗಿದಳು. ಕಂಬಳಿ ಹೊತ್ತವನ ಮೇಲೆ ಸಿಡಿಲು ಬೀಳಲ್ಲ ಅಂತ ಅವನು ನಕ್ಕ. ನಾವಿಬ್ಬರೂ ಬುತ್ತಿ ಇಳಿಸಿ, ಹೊಲದ ತಗ್ಗಿನಾಗ ಕಾಲು ಜೋಡಿಸಿ, ಕಿವಿ ಮುಚ್ಚಿ ಕುಕ್ಕರಗಾಲಿನಲ್ಲಿ ಕೂತೆವು.

ಬಿತ್ತು. ಕಣ್ಣು ತೆರೆದರೆ ಗಿಡದ ತೊಗಟೆ ಉದ್ದಕ್ಕೂ ಸೀಳಿತ್ತು. ಕುರಿಗಳು ಒಂದರ ಮೇಲೊಂದು ಬಿದ್ದಿದ್ದವು. ಮಲ್ಲು ಅವುಗಳ ನಡುವೆ.

ನಾವು ಮುಟ್ಟುವುದರೊಳಗೆ ಪಕ್ಕದ ಕಣದಿಂದ ಜನ ಓಡಿಬಂದಿದ್ದರು. ಮುಂದೆ ನನ್ನ ಮೈದುನ ಅಯ್ಯಣ್ಣ. ಮಲ್ಲುನ್ನ ಕಂಬಳಿಯಾಗ ಸುತ್ತಿ ಎತ್ತಿಯೇ ಬಿಟ್ಟರು. ದಿನ್ನಿಯ ಬುಡಕ್ಕೇ ನಮ್ಮ ತಿಪ್ಪಿ. ಒಬ್ಬ ಆಗಲೇ ಸಲಿಕೆ ಹಿಡಿದು ಕುಣಿ ತೋಡುತ್ತಿದ್ದ. ಉಸಿರು ನಿಂತದ, ಇಳಿಸ್ರಿ, ಎದೆ ಒತ್ತಬೇಕು ಅಂತ ಸುಮಲತಾ ಬಡಕೊಂಡಳು. ಅಂಗನವಾಡಿಯಾಗ ಒಮ್ಮೆ ಬೊಂಬೆ ಇಟ್ಟು ಕಲಿಸಿದ್ದರು ಆಕೆಗೆ. ಯಾರೂ ಕಿವಿ ಕೊಡಲಿಲ್ಲ. ನನಗೆ ಅಣ್ಣನ ಮೈ ನೆನಪಾಯಿತು.

ಅವರು ಹೊತ್ತು ತರುವುದರೊಳಗೆ ನಾನು ಹೋಗಿ ಕುಣಿಯಾಗ ಕೂತುಬಿಟ್ಟೆ. ಸೊಂಟದ ಮಟ ಸಗಣಿ.

"ಏಳ್ರಿ ಅತ್ತಿಗಿ, ಹೊತ್ತಾಗಾಕತ್ತದ," ಅಂದ ಅಯ್ಯಣ್ಣ.

"ಹೂಳೋದಿದ್ರ ನನ್ನ ಹೂಳು. ತಿಪ್ಪಿಗಿ ಒಬ್ಬರು ಬೇಕಲ್ಲ, ನಾ ಬಂದೀನಿ."

ಮುದುಕಿಗೆ ಮರುಳು ಹಿಡಿದದ ಅಂದಳು ಬಾಜೂಮನಿ ಮಲ್ಲಾಬಾಯಿ. ಹೆತ್ತ ಮಗನ ಮೇಲೆ ಕರುಣೆ ಇಲ್ಲ ಅಂತ ಇನ್ನೊಬ್ಬಾಕೆ. ಅನ್ನಲಿ. ಅಣ್ಣನ ಹೆಂಡತಿ ತಾಯಿ ಸಮಾನ ಅನ್ನುತ್ತಾರಲ್ಲ, ಅಯ್ಯಣ್ಣ ನನ್ನ ರಟ್ಟೆ ಹಿಡಿದು ಎಳೆಯುವಂಗಿರಲಿಲ್ಲ. ಅವನು ಎಳೆಯದೆ ಉಳಿದವರ್ಯಾರೂ ಕೈ ಹಚ್ಚಲಿಲ್ಲ. ಭಾರ ತಾಳದೆ ಮಲ್ಲುನ್ನ ನೆಲಕ್ಕೆ ಇಳಿಸಿದರು.

ಸುಮಲತಾ ಅಷ್ಟಕ್ಕೇ ಕಾದಿದ್ದಳು. ಕಂಬಳಿ ಸರಿಸಿ, ಮಂಡಿಯೂರಿ, ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತತೊಡಗಿದಳು. ಬರಿಗೈಲೆ ಮುಟ್ಟಬ್ಯಾಡ, ಮೈಯಾಗ ಇನ್ನೂ ಸಿಡಿಲು ಅದ, ನೀನೂ ಹೋಗ್ತಿ ಅಂತ ಜನ ಹಿಂದೆ ಸರಿದರು. ಆಕೆಗೆ ಏನೂ ಆಗಲಿಲ್ಲ. ಒತ್ತಿದಳು, ಬಾಯಿಗೆ ಬಾಯಿ ಇಟ್ಟು ಊದಿದಳು, ಮತ್ತೆ ಒತ್ತಿದಳು. ಹೆರಳು ಬಿಚ್ಚಿತು, ಬೆವರು ಸುರಿಯಿತು. ಗಂಡನ ಬಾಯಿಗೆ ಬಾಯಿ ಇಟ್ಟಳಂತ ಮಲ್ಲಾಬಾಯಿ ಸೆರಗು ಬಾಯಿಗೆ ಹಚ್ಚಿದಳು. ನಾನು ಕುಣಿಯಾಗಿಂದ ಅಲುಗಲಿಲ್ಲ. ನಾನೆದ್ದರೆ ಅವನನ್ನು ಇಲ್ಲಿ ಇಳಿಸುತ್ತಾರೆ, ಅಷ್ಟೇ ನನ್ನ ತಲೆಯಾಗ.

ಮಲ್ಲು ಕೆಮ್ಮಿದ.

ನಮ್ಮೂರ ಸುಲ್ತಾನಸಾಬ ತನ್ನ ಟಂಟಂ ಗಾಡಿ ತಂದ. ಸುಮಲತಾ ಗಂಡನ ತಲೆ ತೊಡೆ ಮೇಲಿಟ್ಟುಕೊಂಡು ಸುರಪುರದ ದವಾಖಾನೆಗೆ ಹೋದಳು. ಗಾಡಿ ಕಣ್ಮರೆಯಾದ ಮೇಲೆ ನಾನು ಏಳಲು ನೋಡಿದರೆ ಕಾಲು ಜೋಮು ಹಿಡಿದಿದ್ದವು. ಕೈ ಕೊಟ್ಟು ಎಬ್ಬಿಸಿದವನು ಅಯ್ಯಣ್ಣನೇ.

ಮಲ್ಲು ಮನಿಗೆ ಬಂದಾನ. ಒಂದು ಕಿವಿ ಕೇಳಿಸುವುದಿಲ್ಲ, ಕೈ ನಡುಗುತ್ತದೆ. ದೇವರು ಉಳಿಸಿದ ಅಂತ ಅಯ್ಯಣ್ಣ ಊರೆಲ್ಲ ಹೇಳಿಕೊಂಡು ತಿರುಗಿದ. ಉಳಿಸಿರಲಿ. ತಿಪ್ಪಿ ಅಂತೂ ಉಳಿಸಿಲ್ಲ. ಆ ಕುಣಿ ನಾನೇ ಮುಚ್ಚಿದೆ.

ಮೊನ್ನೆ ಮತ್ತೆ ಮೋಡ ಕಟ್ಟಿತು. ಕಣದಾಗಿದ್ದವರು ರೂಢಿಯಂತೆ ಬೇವಿನ ಗಿಡದತ್ತ ಹೊರಟರು. ನಾನು ಕುರಿ ಕಾಯುವ ಕೋಲು ಹಿಡಿದು ದಾರಿಗೆ ಅಡ್ಡ ನಿಂತೆ. ಯಾರ ಅಪ್ಪನ ಗಿಡ ಅದು ಅಂತ ಕೇಳಿದರು. ಯಾರಪ್ಪನದಾದರೂ ಇರಲಿ, ಇವತ್ತು ಬಿಡಂಗಿಲ್ಲ ಅಂದೆ. ಬೈದುಕೊಳ್ಳುತ್ತಲೇ ಹತ್ತಿರದ ಸರಕಾರಿ ಸಾಲಿ ಕಟ್ಟಡದೊಳಗೆ ಹೋದರು. ಕೊನೆಗೆ ಅಯ್ಯಣ್ಣ, ಅವನ ಹಿಂದೆ ನಾನು. ಗುಡುಗು ಪೂರ್ತಿ ನಿಂತು ಬಹಳ ಹೊತ್ತಾಗುವತನಕ ಬಾಗಿಲು ಬಿಡಲಿಲ್ಲ ನಾನು.

ಹೊರಗೆ ಬಂದು ಅಯ್ಯಣ್ಣ ದಿನ್ನಿ ಕಡೆ ಕೈ ಮಾಡಿದ.

"ನೋಡ್ರಿ ಅತ್ತಿಗಿ, ಏನಾತು? ಗಿಡ ಹಂಗ ಅದ."

"ಇರಲಿ," ಅಂದೆ. "ನೀನೂ ಹಂಗ ಇದ್ದಿ."