ಚಕ್ರಕ್ಕಿಟ್ಟ ದೃಷ್ಟಿಬೊಟ್ಟು

ಅದು ೧೯೯೧ರ ರೋಬೋಟ್ ಸ್ಪರ್ಧೆ. ಹಲಗೆಯ ಗೋಡೆಗಳ ಸುತ್ತುದಾರಿಯಲ್ಲಿ ಯಂತ್ರ ತಾನಾಗಿಯೇ ಸಾಗಿ ನಡುವಿನ ಚೌಕವನ್ನು ಮುಟ್ಟಬೇಕು. ಪವಾಯಿಯ ಸಭಾಂಗಣದಲ್ಲಿ ವನಮಾಲಾಳ ರೋಬೋಟ್ ಎರಡನೆಯ ತಿರುವಿಗೆ ಗೇಣು ದೂರವಿರುವಾಗಲೇ ಬಲಕ್ಕೆ ಹೊರಳಿ, ಹಲಗೆಯ ಗೋಡೆಗೆ ಮೂಗು ಗುದ್ದಿಕೊಂಡು ನಿಂತಿತು.

"ಇದಕ್ಕೂ ಲೋಕಲ್ ರೈಲಿನ ಅಭ್ಯಾಸ ಕಣೇ," ಎಂದ ಎದುರಾಳಿ ತಂಡದ ಜಯಸಿಂಹ. "ಗೋರೆಗಾಂವ್ ಸ್ಟೇಷನ್ ಬರೋಕ್ ಮುಂಚೇನೇ ಇಳಿಯೋಕೆ ನಿಂತ್ಬಿಟ್ಟಿದೆ."

ಸುತ್ತಲಿದ್ದವರು ನಕ್ಕರು. ವನಮಾಲಾ ನಗಲಿಲ್ಲ. ಇಂದು ಯಂತ್ರವು ನಡುವಿನ ಚೌಕವನ್ನು ಮುಟ್ಟದಿದ್ದರೆ ಕಾಲೇಜಿನ ಪ್ರಯೋಗಾಲಯದ ಬೀಗದ ಕೈ ಹಿಂದಿರುಗಿಸಬೇಕೆಂದು ವಿಭಾಗದ ಮುಖ್ಯಸ್ಥರು ಹೇಳಿದ್ದರು. ಹಿಂದಿನ ವರ್ಷ ಹುಡುಗರ ತಂಡ ಸೋತಾಗ ಅಂಥ ಮಾತು ಅವರ ಬಾಯಿಂದ ಬಂದಿರಲಿಲ್ಲ. ಆ ಅನ್ಯಾಯ ಅವಳ ಎದೆಯಲ್ಲಿ ಕೆಂಡವಾಗಿತ್ತು.

ಅವಳ ರೋಬೋಟ್ ನಂಬಿದ್ದು ಎಣಿಕೆಯನ್ನು. ಚಕ್ರಕ್ಕೆ ಕಪ್ಪು ಬಿಳಿ ಪಟ್ಟಿಗಳ ಬಿಲ್ಲೆ. ಅದರೆದುರು ಬೆಳಕು ಚೆಲ್ಲಿ, ಮರಳುವ ಬೆಳಕನ್ನು ಗುರುತಿಸುವ ಪುಟ್ಟ ಸೆನ್ಸರ್. ಹಾದುಹೋದ ಕಪ್ಪು ಪಟ್ಟಿಗಳನ್ನು ಎಣಿಸಿಯೇ ಅದು ತಾನು ಬಂದ ದೂರವನ್ನು ಅರಿಯುತ್ತಿತ್ತು.

ತೀರ್ಪುಗಾರರಾದ ಕೇಶವಮೂರ್ತಿಯವರು ಹತ್ತಿರ ಬಂದರು. "ಫೋಟೋದವನ ಫ್ಲ್ಯಾಶ್ ಬಿತ್ತಲ್ಲಮ್ಮ, ಸೆನ್ಸರ್‌ಗೆ ಗೊಂದಲವಾಗಿರಬೇಕು. ಈ ಓಟ ಲೆಕ್ಕಕ್ಕಿಲ್ಲ. ನಿಮ್ಮ ಎರಡು ಅವಕಾಶವೂ ಹಾಗೇ ಇದೆ."

ವನಮಾಲಾ ಯಂತ್ರವನ್ನು ಎತ್ತಿ ನೋಡಿದಳು. ಬಿಲ್ಲೆಯ ಒಂದು ಬಿಳಿ ಪಟ್ಟಿಯ ನಡುವೆ ಕಾಡಿಗೆಯ ಬೊಟ್ಟು. ಬೆಳಿಗ್ಗೆ ಅಮ್ಮ ಸುಬ್ಬಲಕ್ಷ್ಮಿ ಯಂತ್ರಕ್ಕೆ ಆರತಿ ಎತ್ತಿದ್ದನ್ನು ಅವಳು ಕಂಡಿದ್ದಳು. ದೃಷ್ಟಿಬೊಟ್ಟು ಇಟ್ಟದ್ದನ್ನು ಕಂಡಿರಲಿಲ್ಲ. ಚಕ್ರ ಸುತ್ತಿದಾಗಲೆಲ್ಲ ಸೆನ್ಸರ್ ಆ ಬೊಟ್ಟನ್ನೂ ಒಂದು ಪಟ್ಟಿಯೆಂದೇ ಎಣಿಸಿತ್ತು; ಲೆಕ್ಕ ಬೇಗ ತುಂಬಿ, ಯಂತ್ರ ತಿರುವಿಗೆ ಮುಂಚೆಯೇ ಹೊರಳಿತ್ತು.

"ಸುಮ್ಮನಿರವಾ," ಎಂದು ಜೊತೆಗಾತಿ ಸುಗರಾ ಪಿಸುಗುಟ್ಟಿದಳು. "ಅವ್ರಾಗೇ ಕೊಡಾಕತ್ತಾರ, ತಗೊಂಡು ಬಿಡೋಣು."

ತನ್ನ ತಪ್ಪನ್ನು ಪರರ ಕ್ಯಾಮೆರಾಕ್ಕೆ ಕಟ್ಟಿ ಪಡೆದ ಅವಕಾಶವೂ ಕಳವೇ. ವನಮಾಲಾ ತಲೆಯೆತ್ತಿ, "ಸರ್, ಫ್ಲ್ಯಾಶ್‌ದೇನೂ ತಪ್ಪಿಲ್ಲ. ತಪ್ಪು ನಮ್ಮ ಮನೇದು. ಆ ಓಟ ಲೆಕ್ಕಕ್ಕಿರಲಿ, ಉಳಿದದ್ದೊಂದೇ ಸಾಕು" ಎಂದಳು.

ಕಾಡಿಗೆ ಒರೆಸಿದರೆ ಹರಡುತ್ತದೆ. ಆದ್ದರಿಂದ ಹೊಸ ಬಿಲ್ಲೆಯನ್ನೇ ಅಂಟಿಸಿದಳು. ಸುಗರಾ ಗೊಣಗುತ್ತಲೇ ಚಕ್ರ ಹಿಡಿದುಕೊಂಡಳು.

ರೋಬೋಟ್ ಹೊರಟಿತು. ಎರಡನೆಯ ತಿರುವಿನಲ್ಲಿ ಸುಗರಾ ಕಣ್ಣು ಮುಚ್ಚಿದಳು. ಯಂತ್ರ ಗೋಡೆಯನ್ನು ಸೋಕದೆ ನಯವಾಗಿ ತಿರುಗಿತು. ಬಳಿಕ ಅದು ಎಲ್ಲಿಯೂ ತಡವರಿಸಲಿಲ್ಲ. ಉಳಿದೆಲ್ಲ ತಂಡಗಳಿಗಿಂತ ಬೇಗ ನಡುವಿನ ಚೌಕವನ್ನು ತಲುಪಿ ನಿಂತಾಗ ಸಭಾಂಗಣವೇ ಎದ್ದು ನಿಂತಿತು.

"ಸ್ಟೇಷನ್ ಬಂತಪ್ಪಾ," ಎನ್ನುತ್ತ ಜಯಸಿಂಹನೇ ಮೊದಲು ಚಪ್ಪಾಳೆ ತಟ್ಟಿದ.

ಪ್ರೇಕ್ಷಕರ ಸಾಲಿನಿಂದ ಸುಬ್ಬಲಕ್ಷ್ಮಿ ಅಳುಕುತ್ತ ಬಂದರು. "ಮೊದಲು ಕೆಟ್ಟಿದ್ದು ನನ್ನಿಂದಾನೇನೇ?"

"ಮುಂದಿನ ಸಲ ನನ್ನ ಕೆನ್ನೆಗಿಡಮ್ಮ. ಅಲ್ಲಿ ಯಾರೂ ಎಣಿಸಲ್ಲ."

ಮುಖ್ಯಸ್ಥರೂ ಕೈ ಕುಲುಕಿದರು. "ಬೀಗದ ಕೈ ನಿಮ್ಮ ಹತ್ರಾನೇ ಇರಲಿ."

"ಇರುತ್ತೆ ಸರ್," ಎಂದಳು ವನಮಾಲಾ. "ಮುಂದಿನ ವರ್ಷ ಸೋತರೂ ಇರಬೇಕು. ಹುಡುಗರ ಹತ್ರ ಇತ್ತಲ್ಲ."

ಮುಖ್ಯಸ್ಥರು ಅವಳ ಮುಖವನ್ನೇ ನೋಡಿ, ನಿಧಾನವಾಗಿ ತಲೆಯಾಡಿಸಿದರು.